ಬಚ್ಚಲೊಲೆಯ ಹೊಗೆ ಪ್ರಯೋಗಾಲಯಕ್ಕೆ ಹೋದರೆ: ಶ್ವಾಸಕೋಶದ ಕ್ಯಾನ್ಸರ್ ಅಪಾಯವನ್ನು ಅಳೆಯುವುದು ಹೇಗೆ?

ಅಡಿಕೆ ಕೊಯ್ಲು ಶುರುವಾಯಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗಳಲ್ಲಿ ಒಲೆ ಆರುವುದೇ ಕಡಿಮೆ. ಬೆಳಗ್ಗೆ ಬಚ್ಚಲೊಲೆ, ಸುಲಿದದ್ದು ಮುಗಿದ ಮೇಲೆ ಅಡಿಕೆ ಬೇಯಿಸುವ ಹಂಡೆಯ ಒಲೆ, ಬಿಸಿಲು ಕೈಕೊಟ್ಟರೆ ಅಟ್ಟದ ಕೆಳಗೂ ಬೆಂಕಿ. ಅದೇ ಹೊತ್ತಿಗೆ ಮೊಬೈಲಿಗೆ ಒಂದು ಸುದ್ದಿ ಬಂದು ಬೀಳುತ್ತದೆ: ಕಟ್ಟಿಗೆ ಹೊಗೆಯಿಂದ ಕ್ಯಾನ್ಸರ್, ಪ್ರಯೋಗಾಲಯದಲ್ಲಿ ದೃಢಪಟ್ಟಿದೆ. ಕೆಲವರು ಗಾಬರಿಯಾಗುತ್ತಾರೆ. ಇನ್ನು ಕೆಲವರು, ನಮ್ಮಜ್ಜಿ ತೊಂಬತ್ತು ವರ್ಷ ಒಲೆ ಮುಂದೆಯೇ ಇದ್ದರು, ಏನಾಯಿತು ಎಂದು ಸುದ್ದಿಯನ್ನು ಅಳಿಸುತ್ತಾರೆ.

‘ಪ್ರಯೋಗಾಲಯದಲ್ಲಿ ದೃಢಪಟ್ಟಿದೆ’ ಎಂಬ ಮಾತಿಗೆ ಅರ್ಥವೇನು ಎಂದು ಗೊತ್ತಿದ್ದರೆ ಈ ಎರಡೂ ಬೇಡವಾಗುತ್ತವೆ. ಹೊಗೆಯನ್ನು ಹಿಡಿಯುವುದು ಹೇಗೆ, ಯಾವುದರ ಮೇಲೆ ಹಾಕಿ ನೋಡುತ್ತಾರೆ, ಎಷ್ಟು ಹಾಕುತ್ತಾರೆ, ಎಲ್ಲಿ ಎಡವುತ್ತಾರೆ ಎಂಬುದನ್ನು ಬುಡದಿಂದ ನೋಡೋಣ.

ಮೂಗಿನಿಂದ ಗಾಳಿಗೂಡಿನವರೆಗೆ

ದೊಡ್ಡವರೊಬ್ಬರು ದಿನಕ್ಕೆ 10,000 ಲೀಟರಿಗಿಂತ ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ಆ ಗಾಳಿ ಹೋಗುವ ನಾಳ ಎರಡಾಗಿ, ಒಂದೊಂದೂ ಮತ್ತೆ ಎರಡಾಗಿ, ಹೀಗೆ ಸುಮಾರು 23 ಸಲ ಕವಲೊಡೆದು ಕೊನೆಗೆ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಇವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್, ಅಂದರೆ 750 ಚದರ ಅಡಿ ಆಗುತ್ತದೆ. ಅಡಿಕೆ ಒಣಹಾಕುವ ಒಂದು ಸಣ್ಣ ಅಂಗಳ. ಅಲ್ಲಿ ಗಾಳಿಗೂ ರಕ್ತಕ್ಕೂ ನಡುವೆ ಇರುವ ಗೋಡೆ ಒಂದು ಮೈಕ್ರಾನಿಗಿಂತ ತೆಳು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲೇ 50ರಿಂದ 70 ಮೈಕ್ರಾನ್ ದಪ್ಪ.

ಒಣ ಅಡಿಕೆ ಸಿಪ್ಪೆಯ ಧೂಳು, ಭತ್ತ ತೂರುವಾಗ ಏಳುವ ಹೊಟ್ಟು ಇಂಥ 10 ಮೈಕ್ರಾನಿಗೂ ದೊಡ್ಡ ಕಣಗಳು ಹೆಚ್ಚಾಗಿ ಮೂಗು, ಗಂಟಲಲ್ಲೇ ಸಿಕ್ಕಿಬೀಳುತ್ತವೆ. ಸಂಜೆ ಮೂಗು ಸೀನಿದಾಗ ಬರುವುದು ಅದೇ. ಅದಕ್ಕಿಂತ ಸಣ್ಣವು ನಾಳದ ಗೋಡೆಯ ಲೋಳೆಗೆ ಅಂಟುತ್ತವೆ. ಆ ಗೋಡೆಯ ಮೇಲೆ ಸಿಲಿಯಾ ಎಂಬ ಸೂಕ್ಷ್ಮ ರೋಮಗಳಿದ್ದು, ಸೆಕೆಂಡಿಗೆ ಹತ್ತಾರು ಸಲ ಬಡಿಯುತ್ತ ಲೋಳೆಯನ್ನು ಗಂಟಲ ಕಡೆ ತಳ್ಳುತ್ತಲೇ ಇರುತ್ತವೆ. ಪಿಎಂ 2.5 ಎಂಬುದು 2.5 ಮೈಕ್ರಾನ್ ಮತ್ತು ಅದಕ್ಕಿಂತ ಚಿಕ್ಕ ಕಣಗಳ ಹೆಸರು. ಕಟ್ಟಿಗೆ ಹೊಗೆಯ ಕಣಗಳಲ್ಲಿ ಬಹುಪಾಲು ಒಂದು ಮೈಕ್ರಾನಿಗಿಂತ ಸಣ್ಣವೇ. ಇವು ಲೋಳೆಯನ್ನು ತಪ್ಪಿಸಿಕೊಂಡು ಗಾಳಿಗೂಡಿನವರೆಗೆ ಇಳಿಯುತ್ತವೆ. ಅಲ್ಲಿ ಸಿಲಿಯಾ ಇಲ್ಲ. ಕಸ ನುಂಗುವ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಮಾತ್ರ ಇವೆ. ಈ ಕೋಶದ ಹೆಸರನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹಾಲು ‘ಹಾಳು’ ಆಗುವ ಬಗೆ

ನಮ್ಮ ಬಹುತೇಕ ಪ್ರತಿ ಜೀವಕೋಶದೊಳಗೂ ಡಿಎನ್‌ಎ ಎಂಬ ಉದ್ದನೆಯ ಬರಹವಿದೆ. ಅದಕ್ಕೆ ನಾಲ್ಕೇ ಅಕ್ಷರ. ಕೋಶ ಯಾವಾಗ ಒಡೆದು ಎರಡಾಗಬೇಕು, ಯಾವಾಗ ನಿಲ್ಲಬೇಕು, ಕೆಟ್ಟುಹೋದರೆ ತಾನೇ ಹೇಗೆ ಸಾಯಬೇಕು ಎಲ್ಲವೂ ಅದರಲ್ಲಿ ಬರೆದಿದೆ. ಬರಹದಲ್ಲಿ ಒಂದೇ ಅಕ್ಷರ ಬದಲಾದರೂ ಕೆಲವು ಕಡೆ ಅರ್ಥವೇ ತಿರುಗಿಬೀಳುತ್ತದೆ, ‘ಹಾಲು’ ಹೋಗಿ ‘ಹಾಳು’ ಆದಂತೆ. ಇಂಥ ಶಾಶ್ವತ ತಪ್ಪಿಗೆ ಮ್ಯುಟೇಶನ್ ಎನ್ನುತ್ತಾರೆ. ಬಹುತೇಕ ತಪ್ಪುಗಳಿಂದ ಏನೂ ಆಗುವುದಿಲ್ಲ. ಬೆಳವಣಿಗೆಯನ್ನು ನಿಯಂತ್ರಿಸುವ ಜೀನ್‌ಗಳಲ್ಲಿ ಆದ ತಪ್ಪು ಅಪಾಯದ್ದು.

ಹೊಗೆಯಲ್ಲಿ ಈ ತಪ್ಪನ್ನು ಮಾಡಿಸುವ ವಸ್ತು ಯಾವುದೆಂದು ಕಂಡುಕೊಳ್ಳಲು ಒಂದೂವರೆ ಶತಮಾನ ಹಿಡಿಯಿತು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಹೊಗೆಗೂಡು ಗುಡಿಸುವವರಿಗೆ ವೃಷಣದ ಚರ್ಮದ ಕ್ಯಾನ್ಸರ್ ಬರುವುದನ್ನು ಗಮನಿಸಿ ಮಸಿಯ ಮೇಲೆ ಅನುಮಾನಪಟ್ಟರು. 1915ರಲ್ಲಿ ಜಪಾನಿನ ಯಾಮಾಗಿವಾ ಮತ್ತು ಇಚಿಕಾವಾ ಮೊಲದ ಕಿವಿಗೆ ಕಲ್ಲಿದ್ದಲ ಟಾರನ್ನು ತಿಂಗಳುಗಟ್ಟಲೆ ಹಚ್ಚಿ ಗಡ್ಡೆ ಬರಿಸಿ ತೋರಿಸಿದರು. 1933ರಲ್ಲಿ ಲಂಡನ್ನಿನ ಕೆನವೇ ತಂಡ ಎರಡು ಟನ್ ಟಾರಿನ ಗಟ್ಟಿಯನ್ನು ಸೋಸಿ ಸೋಸಿ, ಅದರಿಂದ ಬೆಂಜೋಪೈರೀನ್ ಎಂಬ ವಸ್ತುವನ್ನು ಬೇರ್ಪಡಿಸಿತು. ಗಾಳಿ ಸಾಲದೆ ಅರೆಬರೆ ಉರಿದ ಯಾವ ಸಾವಯವ ವಸ್ತುವಿನ ಹೊಗೆಯಲ್ಲೂ ಅದು ಇರುತ್ತದೆ: ಬೀಡಿ, ಡೀಸೆಲ್, ಹಸಿ ಕಟ್ಟಿಗೆ, ಒದ್ದೆ ಅಡಿಕೆ ಸಿಪ್ಪೆ.

ಇಲ್ಲೊಂದು ವಿಚಿತ್ರವಿದೆ. ಬೆಂಜೋಪೈರೀನ್ ತಾನಾಗಿ ಡಿಎನ್‌ಎಗೆ ಅಂಟುವುದಿಲ್ಲ. ಎಣ್ಣೆಯಲ್ಲಿ ಕರಗುವ ಈ ವಸ್ತುವನ್ನು ನೀರಿನಲ್ಲಿ ಕರಗಿಸಿ ಹೊರಹಾಕಲು ನಮ್ಮ ದೇಹದ ಕಿಣ್ವಗಳೇ ಅದಕ್ಕೆ ಆಮ್ಲಜನಕ ಸೇರಿಸುತ್ತವೆ. ಆ ಕೆಲಸದ ನಡುವೆ ಹುಟ್ಟುವ ಒಂದು ಚುರುಕು ರೂಪ ಡಿಎನ್‌ಎಯ ಜಿ ಅಕ್ಷರಕ್ಕೆ ಹೋಗಿ ಕಚ್ಚಿಕೊಳ್ಳುತ್ತದೆ. ಮುಂದೆ ಕೋಶ ತನ್ನ ಬರಹವನ್ನು ನಕಲು ಮಾಡುವಾಗ ಅಲ್ಲಿ ಜಿ ಬದಲು ಟಿ ಬೀಳುತ್ತದೆ. ಧೂಮಪಾನಿಗಳ ಶ್ವಾಸಕೋಶದ ಗಡ್ಡೆಗಳಲ್ಲಿ ಜಿ ಇರಬೇಕಾದ ಕಡೆ ಟಿ ಬಿದ್ದಿರುವ ಈ ಗುರುತು ಎಷ್ಟು ಸ್ಪಷ್ಟವಾಗಿರುತ್ತದೆಂದರೆ, ಬೆರಳಚ್ಚು ನೋಡಿ ಕಳ್ಳನನ್ನು ಹಿಡಿದಂತೆ ತಂಬಾಕನ್ನು ಹಿಡಿಯಬಹುದು. ದಿನಕ್ಕೊಂದು ಪ್ಯಾಕಿನಂತೆ ಒಂದು ವರ್ಷ ಸಿಗರೇಟು ಸೇದಿದರೆ ಶ್ವಾಸಕೋಶದ ಒಂದೊಂದು ಕೋಶದಲ್ಲೂ ಸರಾಸರಿ 150 ಮ್ಯುಟೇಶನ್ ಆಗುತ್ತವೆ ಎಂದು 2016ರಲ್ಲಿ ಲೆಕ್ಕ ಸಿಕ್ಕಿತು.

ಕಳೆಬೀಜ ಮತ್ತು ಮಳೆ

ಹಾಗಾದರೆ ಬೀಡಿ ಸಿಗರೇಟು ಮುಟ್ಟದವರಿಗೂ ಶ್ವಾಸಕೋಶದ ಕ್ಯಾನ್ಸರ್ ಬರುವುದೇಕೆ? ಅವರ ಗಡ್ಡೆಗಳಲ್ಲಿ ಈ ಬೆರಳಚ್ಚು ಹೆಚ್ಚಾಗಿ ಕಾಣುವುದಿಲ್ಲ. ಬಹಳ ಕಾಲ ಸಂಶೋಧಕರನ್ನು ಕಾಡಿದ ಪ್ರಶ್ನೆ ಇದು.

ಉತ್ತರದ ಬೀಜ 1940ರ ದಶಕದ ಒಂದು ಪ್ರಯೋಗದಲ್ಲಿದೆ. ಐಸಾಕ್ ಬೆರೆನ್‌ಬ್ಲಮ್ ಇಲಿಯ ಚರ್ಮಕ್ಕೆ ಡಿಎನ್‌ಎ ಕೆಡಿಸುವ ವಸ್ತುವನ್ನು ಒಂದೇ ಸಲ, ಸ್ವಲ್ಪವೇ ಹಚ್ಚಿದರು, ಗಡ್ಡೆ ಬರಲಿಲ್ಲ. ಬೇರೆ ಇಲಿಗಳಿಗೆ ಜಾಪಾಳದ ಎಣ್ಣೆಯನ್ನು ಪದೇ ಪದೇ ಹಚ್ಚಿದರು. ನಮ್ಮ ಹಳ್ಳಿವೈದ್ಯದಲ್ಲಿ ಭೇದಿಗೆ ಕೊಡುತ್ತಿದ್ದ ಅದೇ ಜಾಪಾಳ. ಚರ್ಮ ಕೆಂಪಾಯಿತು, ಉರಿಯಿತು, ಗಡ್ಡೆ ಮಾತ್ರ ಬಂದದ್ದೇ ಕಡಿಮೆ. ಮೊದಲು ಆ ವಸ್ತು, ಆಮೇಲೆ ಜಾಪಾಳದೆಣ್ಣೆ ಹಚ್ಚಿದಾಗ ಗಡ್ಡೆಗಳು ಎದ್ದವು. ಕ್ರಮ ತಿರುಗಿಸಿ, ಮೊದಲು ಎಣ್ಣೆ ಆಮೇಲೆ ವಸ್ತು ಎಂದರೆ ಏಳಲಿಲ್ಲ.

ಗದ್ದೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಳೆಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಅದನ್ನು ಎಬ್ಬಿಸುವುದು ಮಳೆ. ಬೀಜವಿಲ್ಲದ ಕಡೆ ಎಷ್ಟು ಮಳೆ ಸುರಿದರೂ ಕಳೆ ಇಲ್ಲ. ಮ್ಯುಟೇಶನ್ ಬೀಜ, ಉರಿಯೂತ ಮಳೆ.

2023ರಲ್ಲಿ ಲಂಡನ್ನಿನ ಫ್ರಾನ್ಸಿಸ್ ಕ್ರಿಕ್ ಸಂಸ್ಥೆಯ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಕೆಲಸ ಇದನ್ನೇ ಶ್ವಾಸಕೋಶದಲ್ಲಿ ತೋರಿಸಿತು. 295 ಜನರ ಆರೋಗ್ಯವಂತ ಶ್ವಾಸಕೋಶದ ತುಣುಕುಗಳನ್ನು ಆಳವಾಗಿ ಓದಿದಾಗ, 18 ಶೇಕಡಾದಷ್ಟರಲ್ಲಿ ಇಜಿಎಫ್‌ಆರ್ ಎಂಬ ಜೀನಿನಲ್ಲಿ ಕ್ಯಾನ್ಸರಿಗೆ ಸಂಬಂಧಿಸಿದ ತಪ್ಪು ಆಗಲೇ ಇತ್ತು. ಆ ತುಣುಕುಗಳಲ್ಲಿ ಗಡ್ಡೆ ಇರಲಿಲ್ಲ. ವಯಸ್ಸಾದಂತೆ ನಕಲು ಮಾಡುವಾಗ ಬೀಳುವ ಸಹಜ ತಪ್ಪುಗಳು ಅವು. ಅದೇ ತಪ್ಪನ್ನು ಹೊತ್ತ ಇಲಿಗಳಿಗೆ ಪಿಎಂ 2.5 ಕಣಗಳನ್ನು ಕೊಟ್ಟಾಗ ಗಡ್ಡೆಗಳು ಹೆಚ್ಚಿದವು. ಹೊಸ ಮ್ಯುಟೇಶನ್‌ಗಳು ಹೆಚ್ಚಲಿಲ್ಲ! ಆದದ್ದು ಇಷ್ಟು: ಕಣಗಳನ್ನು ನುಂಗಿದ ಮ್ಯಾಕ್ರೋಫೇಜ್‌ಗಳು ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಎಚ್ಚರಿಕೆಯ ರಾಸಾಯನಿಕವನ್ನು ಬಿಟ್ಟವು, ಅದು ಮಲಗಿದ್ದ ಕೋಶಗಳನ್ನು ಬೆಳೆಯುವ ದಾರಿಗೆ ಎಳೆಯಿತು. ಆ ರಾಸಾಯನಿಕವನ್ನು ತಡೆಯುವ ಪ್ರತಿಕಾಯ ಕೊಟ್ಟ ಇಲಿಗಳಲ್ಲಿ ಗಡ್ಡೆ ಕಡಿಮೆಯಾಯಿತು. ಕಾವಲಿಗೆ ನಿಂತ ಕೋಶವೇ, ಕಸ ಹೆಚ್ಚಾದಾಗ, ಕಳೆಗೆ ನೀರೆರೆಯುತ್ತದೆ.

ಅಂದರೆ ಹೊಗೆ ಎರಡು ಕೆಲಸ ಮಾಡಬಲ್ಲದು: ಬರಹ ಕೆಡಿಸುವುದು, ಕೆಟ್ಟ ಕೋಶವನ್ನು ಎಬ್ಬಿಸುವುದು. ಒಂದನ್ನು ಹಿಡಿಯುವ ಪರೀಕ್ಷೆಗೆ ಇನ್ನೊಂದು ಕಾಣುವುದೇ ಇಲ್ಲ. ಪ್ರಯೋಗಾಲಯದ ಸುದ್ದಿ ಓದುವಾಗ ನನ್ನ ಪ್ರಕಾರ ಮೊದಲು ಕೇಳಬೇಕಾದ್ದು ಇದನ್ನೇ: ಎರಡರಲ್ಲಿ ಯಾವುದನ್ನು ಪರೀಕ್ಷಿಸಿದ್ದಾರೆ?

ಹೊಗೆಯನ್ನು ಹಿಡಿದು ತೂಗುವುದು

ಮೊದಲ ಹೆಜ್ಜೆ ಹೊಗೆ ಸಂಗ್ರಹ. ಅಂಗೈಯಲ್ಲಿ ಹಿಡಿಯುವ ಪಂಪೊಂದು ನಿಮಿಷಕ್ಕೆ ಇಂತಿಷ್ಟು ಲೀಟರ್ ಗಾಳಿ ಎಳೆಯುತ್ತದೆ. ಗಾಳಿ ಮೊದಲು ಸೈಕ್ಲೋನ್ ಎಂಬ ಪುಟ್ಟ ಲೋಹದ ಕೊಳವೆಯಲ್ಲಿ ಸುತ್ತುತ್ತದೆ. ದೊಡ್ಡ ಕಣಗಳು ಗೋಡೆಗೆ ಬಡಿದು ಕೆಳಗೆ ಬೀಳುತ್ತವೆ, 2.5 ಮೈಕ್ರಾನಿನ ಒಳಗಿನವು ಮುಂದೆ ಸಾಗಿ 37 ಮಿಲಿಮೀಟರ್ ಅಗಲದ ಬಿಳಿ ಟೆಫ್ಲಾನ್ ಬಿಲ್ಲೆಯ ಮೇಲೆ ಕೂರುತ್ತವೆ. ಒಲೆ ಊದುವವರ ಎದೆಯ ಹತ್ತಿರ ಇದನ್ನು ಸಿಕ್ಕಿಸಿದರೆ, ಅವರು ಉಸಿರಾಡಿದ್ದನ್ನೇ ಬಿಲ್ಲೆಯೂ ಉಸಿರಾಡುತ್ತದೆ.

ಲೆಕ್ಕ ಸರಳ. ನಿಮಿಷಕ್ಕೆ 1.5 ಲೀಟರಿನಂತೆ 24 ಗಂಟೆ ಎಂದರೆ 2,160 ಲೀಟರ್, ಅಂದರೆ 2.16 ಘನ ಮೀಟರ್. ಬಿಲ್ಲೆಯ ತೂಕ 216 ಮೈಕ್ರೋಗ್ರಾಂ ಹೆಚ್ಚಿದ್ದರೆ ಗಾಳಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ಕಣಗಳಿದ್ದವು ಎಂದಾಯಿತು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ದಿನದ ಸರಾಸರಿ 15, ವರ್ಷದ ಸರಾಸರಿ 5. ಭಾರತದ ಮಾನದಂಡ ದಿನಕ್ಕೆ 60, ವರ್ಷಕ್ಕೆ 40.

216 ಮೈಕ್ರೋಗ್ರಾಂ ಎಂದರೆ ಒಂದು ಅಕ್ಕಿಕಾಳಿನ ತೂಕದ ನೂರನೇ ಒಂದು ಪಾಲು ಇರಬಹುದು. ಎಡವಟ್ಟಾಗುವುದು ಇಲ್ಲಿಯೇ. ಮಲೆನಾಡಿನ ಮಳೆಗಾಲದಲ್ಲಿ ಹಪ್ಪಳ ಮೆತ್ತಗಾಗುವಂತೆ ಕಣಗಳೂ ನೀರು ಕುಡಿಯುತ್ತವೆ. ಆಗುಂಬೆಯಲ್ಲಿ ತೆಗೆದ ಬಿಲ್ಲೆಯನ್ನು ಹಾಗೇ ತೂಗಿದರೆ ಹೊಗೆಯ ಜೊತೆ ಮೋಡವನ್ನೂ ತೂಗಿದಂತೆ. ಅದಕ್ಕೇ ಬಿಲ್ಲೆಯನ್ನು ಬಳಸುವ ಮುಂಚೆಯೂ ಆಮೇಲೂ, ಉಷ್ಣತೆ 20ರಿಂದ 23 ಡಿಗ್ರಿ, ತೇವಾಂಶ 30ರಿಂದ 40 ಶೇಕಡಾ ಇರುವ ಕೋಣೆಯಲ್ಲಿ ಒಂದು ದಿನ ಇಟ್ಟು ತೂಗುತ್ತಾರೆ. ಜೊತೆಗೆ, ಪಂಪಿಗೆ ಹಾಕದ ಒಂದು ಖಾಲಿ ಬಿಲ್ಲೆಯನ್ನೂ ಊರಿಗೆ ಒಯ್ದು ವಾಪಸು ತರುತ್ತಾರೆ. ಅದರ ತೂಕವೂ ಏರಿದ್ದರೆ ತಪ್ಪು ಕೈಕೆಲಸದ್ದು, ಹೊಗೆಯದಲ್ಲ.

ಆಮೇಲೆ ಬಿಲ್ಲೆಯನ್ನು ದ್ರಾವಕದಲ್ಲಿ ಅದ್ದಿ, ಶಬ್ದದ ಅಲೆಗಳಿಂದ ಅಲುಗಿಸಿ ಮಸಿ ಬಿಡಿಸುತ್ತಾರೆ. ಒಣಗಿಸಿದ ಮಸಿಯನ್ನು ಹೆಚ್ಚಾಗಿ ಡಿಎಂಎಸ್‌ಒ ಎಂಬ ದ್ರವದಲ್ಲಿ ಕರಗಿಸಿ ಕೋಶಗಳಿಗೆ ಕೊಡುತ್ತಾರೆ. ಆ ದ್ರವ ಒಂದು ಶೇಕಡಾ ದಾಟಿದರೆ ತಾನೇ ಕೋಶಗಳನ್ನು ಕೆಡಿಸಬಲ್ಲದು. ಆದ್ದರಿಂದ ಬರೀ ಡಿಎಂಎಸ್‌ಒ ಹಾಕಿದ ಕೋಶಗಳನ್ನು ಪಕ್ಕದಲ್ಲಿಟ್ಟು ಹೋಲಿಸದ ಪ್ರಯೋಗಕ್ಕೆ ಬೆಲೆ ಇಲ್ಲ.

ತಟ್ಟೆಯಲ್ಲಿ ಬೆಳೆದ ಕೋಶಗಳು ಹೇಳುವ ಮಾತು

ಪರೀಕ್ಷೆಗೆ ಬಹಳ ಕಡೆ ಬಳಸುವುದು ಎ549 ಎಂಬ ಕೋಶಗಳನ್ನು. 1972ರಲ್ಲಿ 58 ವರ್ಷದ ಒಬ್ಬರ ಶ್ವಾಸಕೋಶದ ಗಡ್ಡೆಯಿಂದ ತೆಗೆದ ಕೋಶಗಳ ಸಂತತಿ ಅದು. 37 ಡಿಗ್ರಿ ಉಷ್ಣತೆ, 5 ಶೇಕಡಾ ಇಂಗಾಲದ ಡೈಆಕ್ಸೈಡ್ ಇರುವ ಪೆಟ್ಟಿಗೆಗಳಲ್ಲಿ ಇಂದಿಗೂ ಬೆಳೆಯುತ್ತಿದೆ. ಸುಲಭವಾಗಿ ಬೆಳೆಯುತ್ತದೆ, ಆದರೆ ಅದು ಈಗಾಗಲೇ ಕ್ಯಾನ್ಸರ್ ಕೋಶ. ಹೊಗೆಯಿಂದ ಕ್ಯಾನ್ಸರ್ ಶುರುವಾಗುತ್ತದೆಯೇ ಎಂದು ಅದನ್ನು ಕೇಳಿ ಪ್ರಯೋಜನವಿಲ್ಲ. ಹೊಗೆಯಿಂದ ಕೋಶ ಸಾಯುತ್ತದೆಯೇ, ಉರಿಯೂತದ ರಾಸಾಯನಿಕ ಬಿಡುತ್ತದೆಯೇ ಎಂದು ಕೇಳಬಹುದು.

ಇನ್ನೂ ನಿಜಕ್ಕೆ ಹತ್ತಿರದ ಏರ್ಪಾಡಿದೆ. 0.4 ಮೈಕ್ರಾನ್ ತೂತುಗಳಿರುವ ಪೊರೆಯ ಮೇಲೆ ಮನುಷ್ಯರ ಶ್ವಾಸನಾಳದ ಕೋಶಗಳನ್ನು ಹಾಸಿ, ಮೇಲಿನ ದ್ರವವನ್ನು ತೆಗೆದುಬಿಡುತ್ತಾರೆ. ಆಹಾರ ಕೆಳಗಿನಿಂದ, ಗಾಳಿ ಮೇಲಿನಿಂದ. ಮೂರು ನಾಲ್ಕು ವಾರದಲ್ಲಿ ಆ ಕೋಶಗಳು ಲೋಳೆ ಸುರಿಸಲು ಶುರುಮಾಡುತ್ತವೆ, ಸಿಲಿಯಾ ಮೂಡಿ ಬಡಿಯತೊಡಗುತ್ತವೆ. ಇವುಗಳ ಮೇಲೆ ಹೊಗೆಯನ್ನು ಹೊಗೆಯಾಗಿಯೇ ಹಾಯಿಸಬಹುದು, ಕರಗಿಸಬೇಕಿಲ್ಲ.

ಡಿಎನ್‌ಎ ಮುರಿದಿದೆಯೇ ಎಂದು ನೋಡುವ ಒಂದು ಪರೀಕ್ಷೆಗೆ ಕಾಮೆಟ್ ಎಂದು ಹೆಸರು, ಅಂದರೆ ಧೂಮಕೇತು. ಧೂಮದ ಪರೀಕ್ಷೆಗೆ ಕನ್ನಡದಲ್ಲಿ ಇದಕ್ಕಿಂತ ಒಪ್ಪುವ ಹೆಸರು ಸಿಗದು. ಹೊಗೆ ತಾಗಿಸಿದ ಕೋಶಗಳನ್ನು ಬೆಚ್ಚಗಿನ ಅಗರೋಸ್ ಜೆಲ್ಲಿಯಲ್ಲಿ ಬೆರೆಸಿ ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎರೆಯುತ್ತಾರೆ. ಉಪ್ಪು, ಮಾರ್ಜಕದ ದ್ರಾವಣ ಕೋಶದ ಪೊರೆಯನ್ನು ಕರಗಿಸುತ್ತದೆ, ಡಿಎನ್‌ಎ ಉಂಡೆ ಮಾತ್ರ ಉಳಿಯುತ್ತದೆ. ಕ್ಷಾರೀಯ ದ್ರಾವಣದಲ್ಲಿಟ್ಟು ಅರ್ಧ ಗಂಟೆಯಷ್ಟು ವಿದ್ಯುತ್ ಹರಿಸಿದಾಗ ಮುರಿದ ತುಂಡುಗಳು ಉಂಡೆಯಿಂದ ಜಾರಿ ಧನ ಧ್ರುವದ ಕಡೆ ಓಡುತ್ತವೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಡದ ಕೋಶ ಹುಣ್ಣಿಮೆ ಚಂದ್ರನಂತೆ ದುಂಡಗಿರುತ್ತದೆ, ಕೆಟ್ಟ ಕೋಶಕ್ಕೆ ಬಾಲ ಬಂದಿರುತ್ತದೆ. ಬಾಲ ಉದ್ದವಾದಷ್ಟೂ ಹಾನಿ ಹೆಚ್ಚು.

ಇದರಲ್ಲೂ ಮೋಸಹೋಗಬಹುದು. ಪ್ರಖರ ಬೆಳಕೇ ಡಿಎನ್‌ಎಯನ್ನು ಕತ್ತರಿಸುತ್ತದೆ, ಹಾಗಾಗಿ ಮಂದ ಬೆಳಕಿನಲ್ಲಿ ಕೆಲಸ ಮಾಡಬೇಕು. ಸಾಯುತ್ತಿರುವ ಕೋಶಕ್ಕೂ ಬಾಲ ಬರುತ್ತದೆ, ಹಾಗಾಗಿ ಬದುಕಿದ ಕೋಶ ಎಷ್ಟು ಎಂದು ಮೊದಲೇ ಎಣಿಸಿಕೊಂಡಿರಬೇಕು. ಎಲ್ಲಕ್ಕಿಂತ ಮುಖ್ಯ: ಒಂದು ಗಂಟೆಗೆ ಕಂಡ ಬಾಲ 24 ಗಂಟೆಗೆ ಮಾಯವಾಗಬಹುದು, ಏಕೆಂದರೆ ಕೋಶ ತನ್ನ ಡಿಎನ್‌ಎಯನ್ನು ರಿಪೇರಿ ಮಾಡಿಕೊಳ್ಳುತ್ತದೆ. ಬಾಲ ಎಂದರೆ ಗಾಯ. ಗಾಯವೆಲ್ಲ ಕಲೆಯಾಗಿ ಉಳಿಯುವುದಿಲ್ಲ.

ಉಳಿಯುವ ಕಲೆಯನ್ನು, ಅಂದರೆ ಮ್ಯುಟೇಶನ್ನನ್ನು, ಹಿಡಿಯಲು 1970ರ ದಶಕದಲ್ಲಿ ಬ್ರೂಸ್ ಏಮ್ಸ್ ರೂಪಿಸಿದ ಪರೀಕ್ಷೆ ಇದೆ. ಹಿಸ್ಟಿಡಿನ್ ಎಂಬ ಪೋಷಕವನ್ನು ತಾನೇ ತಯಾರಿಸಿಕೊಳ್ಳಲಾಗದಂತೆ ಕೆಡಿಸಿದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು, ಹಿಸ್ಟಿಡಿನ್ ಇಲ್ಲದ ತಟ್ಟೆಯಲ್ಲಿ ಹೊಗೆಯ ಸಾರದ ಜೊತೆ ಎರಡು ದಿನ ಇಡುತ್ತಾರೆ. ಮ್ಯುಟೇಶನ್ ಆಗಿ ಆ ಶಕ್ತಿ ಮರಳಿ ಪಡೆದವು ಮಾತ್ರ ಬೆಳೆದು ಚುಕ್ಕೆಯಾಗುತ್ತವೆ. ಟಿಎ100 ಎಂಬ ತಳಿಯಲ್ಲಿ ಏನೂ ಹಾಕದಿದ್ದರೂ ತಟ್ಟೆಗೆ ನೂರರ ಆಸುಪಾಸು ಚುಕ್ಕೆ ಸಹಜವಾಗಿ ಬರುತ್ತವೆ. ಅದು ಇಮ್ಮಡಿಯಾಗಿ, ಪ್ರಮಾಣ ಏರಿಸಿದಂತೆ ಏರುತ್ತಲೂ ಹೋದರೆ ಅನುಮಾನ ಗಟ್ಟಿ. ಬ್ಯಾಕ್ಟೀರಿಯಾಕ್ಕೆ ನಮ್ಮಂಥ ಕಿಣ್ವಗಳಿಲ್ಲ. ಇಲಿಯ ಪಿತ್ತಜನಕಾಂಗದ ರಸ ಬೆರೆಸಲು ಮರೆತರೆ ಬೆಂಜೋಪೈರೀನ್ ನಿರಪರಾಧಿಯಾಗಿ ಹೊರಬೀಳುತ್ತದೆ. ಉರಿಯೂತವಂತೂ ಈ ಪರೀಕ್ಷೆಯ ಕಣ್ಣಿಗೇ ಬೀಳುವುದಿಲ್ಲ.

ಎಷ್ಟು ಹಾಕಿದರು?

ಸುದ್ದಿಗಳಲ್ಲಿ ಬಹುತೇಕ ಬಿಟ್ಟುಹೋಗುವುದು ಪ್ರಮಾಣ. ನೀವೇ ಲೆಕ್ಕ ಹಾಕಿ ನೋಡಿ. ಘನ ಮೀಟರಿಗೆ 100 ಮೈಕ್ರೋಗ್ರಾಂ ಇರುವ ಗಾಳಿಯನ್ನು ದಿನಕ್ಕೆ 12 ಘನ ಮೀಟರ್ ಉಸಿರಾಡಿದರೆ ಒಳಗೆ ಹೋಗುವುದು 1,200 ಮೈಕ್ರೋಗ್ರಾಂ. ಮೂರರಲ್ಲಿ ಒಂದು ಪಾಲು ಉಳಿಯಿತೆಂದರೆ 400. ಅದನ್ನು 70 ಚದರ ಮೀಟರಿಗೆ, ಅಂದರೆ 7 ಲಕ್ಷ ಚದರ ಸೆಂಟಿಮೀಟರಿಗೆ ಹಂಚಿದರೆ ಪ್ರತಿ ಚದರ ಸೆಂಟಿಮೀಟರಿಗೆ 0.0006 ಮೈಕ್ರೋಗ್ರಾಂಗಿಂತ ಕಡಿಮೆ. ತಟ್ಟೆಯಲ್ಲಿ ಒಂದೇ ಸಲಕ್ಕೆ ಚದರ ಸೆಂಟಿಮೀಟರಿಗೆ 10 ಮೈಕ್ರೋಗ್ರಾಂ ಸುರಿದಿದ್ದರೆ, ಅದು ಈ ಲೆಕ್ಕದಲ್ಲಿ 45 ವರ್ಷಕ್ಕೂ ಮೀರಿದ ಹೊಗೆಯನ್ನು ಒಂದು ದಿನದಲ್ಲಿ ಕೊಟ್ಟಂತೆ. ಆ ಕೋಶಗಳು ಸತ್ತರೆ ಆಶ್ಚರ್ಯವೇನಿಲ್ಲ.

ಹಾಗೆಂದು ಫಲಿತಾಂಶವನ್ನು ಪೂರ್ತಿ ತಳ್ಳಿಹಾಕಲಾಗದು. ಕಣಗಳು ಶ್ವಾಸಕೋಶದಲ್ಲಿ ಸಮನಾಗಿ ಹರಡುವುದಿಲ್ಲ. ಹಳ್ಳ ತಿರುಗುವ ಮೂಲೆಯಲ್ಲಿ ಮರಳು ಕೂರುವಂತೆ, ನಾಳ ಕವಲೊಡೆಯುವ ಮೂಲೆಗಳಲ್ಲಿ ಸರಾಸರಿಗಿಂತ ಹತ್ತಾರು ಪಟ್ಟು ಹೆಚ್ಚು ಕೂರುತ್ತವೆ. ಒಲೆ ಊದುವಾಗ ಸಿಗುವ ಹೊಗೆಯೂ ದಿನದ ಸರಾಸರಿಯಲ್ಲ, ಆ ಅರ್ಧ ಗಂಟೆಯಲ್ಲಿ ಅದು ಎಷ್ಟೋ ಪಟ್ಟು ಏರಿರುತ್ತದೆ. ಒಳ್ಳೆಯ ಪ್ರಯೋಗದಲ್ಲಿ ಕಡಿಮೆಯಿಂದ ಹೆಚ್ಚಿನವರೆಗೆ ಐದಾರು ಪ್ರಮಾಣ ಕೊಟ್ಟು, ಪರಿಣಾಮವೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆಯೇ ಎಂದು ನೋಡಿರುತ್ತಾರೆ.

ಇಲಿಗಳ ಪ್ರಯೋಗಕ್ಕೂ ಇದೇ ಮಾತು. ಧೂಳನ್ನು ವಿಪರೀತ ಕೊಟ್ಟರೆ ರ‍್ಯಾಟ್ ಜಾತಿಯ ದೊಡ್ಡ ಇಲಿಯ ಮ್ಯಾಕ್ರೋಫೇಜ್‌ಗಳು ತುಂಬಿ ನಿಂತುಹೋಗಿ, ಬೇರೆ ಕಾರಣಕ್ಕೆ ವಿಷವಲ್ಲದ ಧೂಳಿಗೂ ಗಡ್ಡೆ ಬರುತ್ತದೆ. ಅದೇ ಧೂಳಿಗೆ ಸಣ್ಣ ಮೌಸ್ ಇಲಿಗಾಗಲಿ ಹ್ಯಾಮ್‌ಸ್ಟರ್‌ಗಾಗಲಿ ಬರುವುದಿಲ್ಲ.

ಗುಂಪು 1, ಗುಂಪು 2ಎ ಎಂದರೆ

ತಟ್ಟೆ, ಇಲಿ, ಮನುಷ್ಯರ ಸಮೀಕ್ಷೆ ಮೂರನ್ನೂ ಒಟ್ಟಿಗಿಟ್ಟು ತೂಗುವುದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ, ಫ್ರಾನ್ಸಿನ ಲಿಯೋನ್‌ನಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ. ಹೊರಗಾಳಿಯ ಮಾಲಿನ್ಯ 2013ರಲ್ಲಿ, ಡೀಸೆಲ್ ಹೊಗೆ 2012ರಲ್ಲಿ ಅದರ ಗುಂಪು 1ಕ್ಕೆ, ಅಂದರೆ ಖಚಿತ ಕ್ಯಾನ್ಸರ್‌ಕಾರಕಗಳ ಸಾಲಿಗೆ, ಸೇರಿದವು. ಮನೆಯೊಳಗಿನ ಕಲ್ಲಿದ್ದಲ ಹೊಗೆಯೂ ಗುಂಪು 1. ಮನೆಯೊಳಗಿನ ಕಟ್ಟಿಗೆ ಹೊಗೆ 2ಎ, ಅಂದರೆ ಬಹುಶಃ ಕ್ಯಾನ್ಸರ್‌ಕಾರಕ.

ಗುಂಪು ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು ಮಾತ್ರ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ತಂಬಾಕಿನ ಹೊಗೆ, ಅಡಿಕೆ, ಬಿಸಿಲು ಮೂರೂ ಗುಂಪು 1ರಲ್ಲಿವೆ. ಮೂರರ ಅಪಾಯ ಒಂದೇ ಎಂದು ಅರ್ಥವಲ್ಲ. ಅಡಿಕೆಯ ಮೇಲಿನ ಸಾಕ್ಷ್ಯ ಜಗಿಯುವವರ ಬಾಯಿಯ ಕ್ಯಾನ್ಸರಿಗೆ ಸಂಬಂಧಿಸಿದ್ದು. ಅದನ್ನು ಬೇಯಿಸುವ ಒಲೆಯ ಹೊಗೆ ಬೇರೆಯೇ ಪ್ರಶ್ನೆ, ಬೇರೆಯೇ ದಾರಿಯಲ್ಲಿ ದೇಹ ಸೇರುವಂಥದ್ದು.

ಒಲೆ ಮುಂದೆ ಕೂತವರನ್ನು ಕ್ಯಾನ್ಸರಿಗಿಂತ ಎಷ್ಟೋ ಹೆಚ್ಚಾಗಿ ಕಾಡುವುದು ದಮ್ಮು, ವೈದ್ಯರ ಭಾಷೆಯಲ್ಲಿ ಸಿಒಪಿಡಿ. ನಾಳಗಳು ಕಿರಿದಾಗಿ ಗಾಳಿ ಹೊರಬರಲಾಗದ ಸ್ಥಿತಿ ಅದು. ಕ್ಯಾನ್ಸರಿನ ಸುದ್ದಿಯ ಅಬ್ಬರದಲ್ಲಿ ಈ ಮಾತು ಕೇಳದೆ ಹೋಗುತ್ತದೆ ಎಂಬುದು ಬೇಸರದ ಸಂಗತಿ.

ಮೈಲುತುತ್ತ: ಪೋರ್ಚುಗಲ್ಲಿನಿಂದ ಬಂದ ಎಚ್ಚರಿಕೆ

ಮಲೆನಾಡಿಗೆ ಹೊಗೆಯಷ್ಟೇ ಹತ್ತಿರದ ಇನ್ನೊಂದಿದೆ. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ವರದಿ ಪ್ರಕಟಿಸಿದ್ದು 1910ರಲ್ಲಿ. ಅಲ್ಲಿಂದೀಚೆಗೆ ನಮ್ಮ ತೋಟಗಳಲ್ಲಿ ಮಳೆಗಾಲಕ್ಕೆ ಮುಂಚೆ ಒಮ್ಮೆ, 40–45 ದಿನಕ್ಕೆ ಇನ್ನೊಮ್ಮೆ ಬೋರ್ಡೋ, ಅಂದರೆ ಮೈಲುತುತ್ತವೆಂಬ ತಾಮ್ರದ ಲವಣಕ್ಕೆ ಸುಣ್ಣ ಬೆರೆಸಿದ ದ್ರಾವಣ, ಹೊಡೆಯುವುದು ರೂಢಿ. ಅದೇ ದ್ರಾವಣವನ್ನು ಪೋರ್ಚುಗಲ್ಲಿನವರು ದ್ರಾಕ್ಷಿಗೆ ಹೊಡೆಯುತ್ತಿದ್ದರು. 1969ರಲ್ಲಿ ಪಿಮೆಂಟೆಲ್ ಮತ್ತು ಮಾರ್ಕೆಸ್ ಎಂಬ ವೈದ್ಯರು ಅಲ್ಲಿನ ಔಷಧ ಹೊಡೆಯುವವರ ಶ್ವಾಸಕೋಶದಲ್ಲಿ ನೀಲಿ ಹಸಿರು ಕಲೆಗಳನ್ನು, ತಾಮ್ರ ತುಂಬಿದ ಮ್ಯಾಕ್ರೋಫೇಜ್‌ಗಳ ಗಂಟುಗಳನ್ನು ಕಂಡು ಹೊಸ ಕಸುಬಿನ ಕಾಯಿಲೆಯೊಂದನ್ನು ದಾಖಲಿಸಿದರು. ಗಿನಿಪಿಗ್‌ಗಳಿಗೆ ಅದೇ ದ್ರಾವಣದ ತುಂತುರನ್ನು ಉಸಿರಾಡಿಸಿದಾಗ ಅದೇ ಬಗೆಯ ಗಂಟುಗಳು ಬಂದವು. ಇಲ್ಲೂ ನಡುವೆ ನಿಂತಿರುವುದು ಆ ಮ್ಯಾಕ್ರೋಫೇಜ್: ನುಂಗಿದ ತಾಮ್ರ ಅದರೊಳಗೆ ನಿಧಾನ ಕರಗುತ್ತ, ಡಿಎನ್‌ಎಯನ್ನೂ ಕೆಡಿಸಬಲ್ಲ ಚುರುಕು ಆಮ್ಲಜನಕ ರೂಪಗಳನ್ನು ಹುಟ್ಟಿಸುತ್ತದೆ.

ಆ ಕೆಲಸಗಾರರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಂಡದ್ದೂ ವರದಿಯಾಯಿತು. ಆದರೆ ಅವರಲ್ಲಿ ಧೂಮಪಾನಿಗಳೂ ಇದ್ದರು. ಮೈಲುತುತ್ತ ಕ್ಯಾನ್ಸರ್‌ಕಾರಕಗಳ ಗುಂಪು 1ರಲ್ಲಿ ಇಲ್ಲ. ಶ್ವಾಸಕೋಶ ಗಂಟುಗಟ್ಟಿ ಗಡುಸಾಗುವುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ, ಕ್ಯಾನ್ಸರಿಗೆ ಅಷ್ಟು ಗಟ್ಟಿಯಿಲ್ಲ.

ನಮ್ಮಲ್ಲಿ ಈಗ ಗಮನಿಸಬೇಕಾದ್ದು ಫೈಬರ್ ದೋಟಿ, ಅಂದರೆ ನೆಲದಲ್ಲೇ ನಿಂತು ಔಷಧ ಹೊಡೆಯುವ ಉದ್ದನೆಯ ಕೋಲು. ಕೊನೆಗಾರ ಮರ ಹತ್ತಿ ಹೊಡೆಯುವಾಗ ತುಂತುರು ಅವನಿಂದ ದೂರಕ್ಕೆ ಹೋಗುತ್ತಿತ್ತು. ದೋಟಿ ಹಿಡಿದು ಕೆಳಗೆ ನಿಂತವರು ಕತ್ತು ಮೇಲೆತ್ತಿ, ಬಾಯಿ ಅರೆ ತೆರೆದು, ಗೊನೆ ನೋಡುತ್ತಿರುತ್ತಾರೆ. ತುಂತುರು ನೇರ ಮುಖಕ್ಕೇ ಇಳಿಯುತ್ತದೆ.

ಒಲೆಯ ಹತ್ತಿರ, ತೋಟದಲ್ಲಿ ಮಾಡಬಹುದಾದ್ದು

ಹಸಿ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಆ ನೀರು ಆವಿಯಾಗುವವರೆಗೆ ಬೆಂಕಿ ಬಿಸಿಯೇರುವುದಿಲ್ಲ; ಬಿಸಿಯಿಲ್ಲದ ಬೆಂಕಿ ಹೊಗೆಯಾಡುತ್ತದೆ, ಬೆಂಜೋಪೈರೀನಿನಂಥವು ಹುಟ್ಟುವುದು ಅಲ್ಲೇ. ಸೀಳಿ, ಸೂರಿನಡಿ ಗಾಳಿಯಾಡುವಂತೆ ಒಟ್ಟಿ, ಒಂದು ಬೇಸಿಗೆ ಪೂರ್ತಿ ಒಣಗಿಸಿದ ಕಟ್ಟಿಗೆಯಲ್ಲಿ ತೇವ 20 ಶೇಕಡಾದ ಒಳಗಿರುತ್ತದೆ. ಎರಡು ತುಂಡನ್ನು ಬಡಿದರೆ ಟಣ್ ಎನ್ನಬೇಕು, ದಬ್ ಎಂದರೆ ಇನ್ನೂ ಹಸಿ.

ಮಳೆಗಾಲದಲ್ಲಿ ಬಚ್ಚಲೊಲೆ ಹೊತ್ತಿಸಲು ಪ್ಲಾಸ್ಟಿಕ್ ಕೊಟ್ಟೆ, ಸೈಕಲ್ ಟ್ಯೂಬಿನ ತುಂಡು, ತೋಟದ ಪಿವಿಸಿ ಪೈಪಿನ ಚೂರು ಹಾಕುವ ಅಭ್ಯಾಸವಿದೆ. ಇದನ್ನಂತೂ ಇವತ್ತೇ ಬಿಡಬೇಕು. ಪಿವಿಸಿಯಲ್ಲಿ ಕ್ಲೋರಿನ್ ಇರುತ್ತದೆ. ಉರಿದಾಗ ಗಂಟಲು ಸುಡುವ ಆಮ್ಲದ ಹೊಗೆ ಬರುತ್ತದೆ, ಜೊತೆಗೆ ಡಯಾಕ್ಸಿನ್‌ಗಳು. ಅವುಗಳಲ್ಲಿ ಅತಿ ವಿಷದ್ದು ಗುಂಪು 1ರಲ್ಲಿದೆ. ತೆಂಗಿನ ಒಣಗರಿ, ಅಡಿಕೆ ಹಾಳೆಯ ಚೂರುಗಳನ್ನು ಮಳೆಗೆ ಮುಂಚೆಯೇ ಒಂದು ಚೀಲ ಒಣಗಿಸಿ ಎತ್ತಿಟ್ಟರೆ ಸಾಕು.

ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ಮಲೆನಾಡಿನ ಎಷ್ಟೋ ಮನೆಗಳಲ್ಲಿದೆ. ಅದರ ಗುಣವಿರುವುದು ಹೊಗೆಕೊಳವೆ ಎಳೆಯುವವರೆಗೆ. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಎರಡಡಿಯಾದರೂ ಮೇಲಿರಬೇಕು, ಇಲ್ಲದಿದ್ದರೆ ಗಾಳಿ ಮಾಡಿಗೆ ಬಡಿದು ಹೊಗೆಯನ್ನು ಒಳಗೇ ತಳ್ಳುತ್ತದೆ. ಒಳಗೆ ಇಲ್ಲಣ, ಅಂದರೆ ಹೊಗೆಯ ಮಸಿ, ಕಟ್ಟಿದರೂ ಹೀಗೇ. ಒಲೆಯ ಬಾಯಿಂದ ಹೊಗೆ ಮುಖಕ್ಕೆ ಬರತೊಡಗಿದ್ದೇ ಕೊಳವೆ ಗುಡಿಸಬೇಕೆಂಬ ಸೂಚನೆ.

ಮುಖಕ್ಕೆ ಕಟ್ಟುವ ಟವೆಲ್ಲು ಪಿಎಂ 2.5ಕ್ಕೆ ತೆರೆದ ಬಾಗಿಲು. ಎನ್95 ಮಾಸ್ಕ್ 0.3 ಮೈಕ್ರಾನಿನ ಕಣಗಳಲ್ಲಿ 95 ಶೇಕಡಾವನ್ನಾದರೂ ತಡೆಯುತ್ತದೆ, ಆದರೆ ಅಂಚು ಚರ್ಮಕ್ಕೆ ಅಂಟಿದ್ದರೆ ಮಾತ್ರ. ಎರಡೂ ಪಟ್ಟಿ ತಲೆಯ ಹಿಂದೆ ಹೋಗಬೇಕು, ಮೂಗಿನ ತಂತಿ ಒತ್ತಿರಬೇಕು, ಗಡ್ಡವಿದ್ದರೆ ಗಾಳಿ ಅದರ ಸಂದಿಯಿಂದಲೇ ಹೋಗುತ್ತದೆ. ಔಷಧ ಹೊಡೆಯುವಾಗ ಒದ್ದೆಯಾದ ಮಾಸ್ಕನ್ನು ಬದಲಿಸಬೇಕು. ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ನಿಂತು ಹೊಡೆಯಬೇಕು.

ದ್ರಾವಣದ ತಯಾರಿಯೂ ಶ್ವಾಸಕೋಶಕ್ಕೆ ಸಂಬಂಧಿಸಿದ್ದೇ. ಒಂದು ಶೇಕಡಾ ಬೋರ್ಡೋಗೆ 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ ಬೆರೆಸಬೇಕು, ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಕತ್ತಿಯನ್ನು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಕರಗಿದ ತಾಮ್ರ ಇನ್ನೂ ಉಳಿದಿದೆ ಎಂದರ್ಥ. ಲೇಪ ನಿಲ್ಲುವವರೆಗೆ ಸುಣ್ಣದ ತಿಳಿ ಸೇರಿಸಬೇಕು. ಕರಗಿದ ತಾಮ್ರ ಗೊನೆಯನ್ನೂ ಸುಡುತ್ತದೆ, ಮೂಗಿನ ಒಳಪೊರೆಯನ್ನೂ ಕೆರಳಿಸುತ್ತದೆ. ಸುಣ್ಣದ ಪುಡಿ, ಮೈಲುತುತ್ತದ ಪುಡಿ ಚೀಲದಿಂದ ಸುರಿಯುವ ಹೊತ್ತಿನಲ್ಲಿ ಧೂಳು ಏಳುತ್ತದಾದ್ದರಿಂದ ಮಾಸ್ಕ್ ಆಗಲೇ ಹಾಕಿರಬೇಕು.

ಬೀಡಿ, ಸಿಗರೇಟು ಸೇದುವವರಿಗೆ ಇವೆಲ್ಲಕ್ಕಿಂತ ದೊಡ್ಡ ಲಾಭ ಅದನ್ನು ಬಿಡುವುದರಲ್ಲಿದೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೇದುವುದನ್ನು ಬಿಟ್ಟವರ ಶ್ವಾಸನಾಳದಲ್ಲಿ 20ರಿಂದ 40 ಶೇಕಡಾ ಕೋಶಗಳು ಎಂದೂ ಸೇದದವರ ಕೋಶಗಳಷ್ಟೇ ಸ್ವಚ್ಛವಾಗಿದ್ದವು. ಹಾನಿ ತಪ್ಪಿಸಿಕೊಂಡು ಮೂಲೆಯಲ್ಲಿ ಉಳಿದಿದ್ದ ಕೋಶಗಳು ಮತ್ತೆ ಹಬ್ಬಿ ಗೋಡೆಯನ್ನು ತುಂಬುತ್ತಿದ್ದವು.

ವೈದ್ಯರಿಗೆ ಹೇಳಬೇಕಾದ ಒಂದು ಸಂಖ್ಯೆ

ಎರಡು ವಾರ ಮೀರಿದ ಕೆಮ್ಮಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕ್ಷಯದ ಕಫ ಪರೀಕ್ಷೆ ಉಚಿತ, ಮೊದಲು ಅದನ್ನು ಮಾಡಿಸಬೇಕು. ಮೆಟ್ಟಿಲು ಹತ್ತುವಾಗ ಏದುಸಿರು ಬರುತ್ತಿದ್ದರೆ ಸ್ಪೈರೋಮೀಟರ್ ಪರೀಕ್ಷೆ ಕೇಳಿ: ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ, ಒಟ್ಟು ಗಾಳಿಯ 70 ಶೇಕಡಾಕ್ಕಿಂತ ಕಡಿಮೆಯಿದ್ದರೆ ದಮ್ಮಿನ ಅನುಮಾನ. ಕಫದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ದನಿ ಒಡೆಯುವುದು ಕಂಡರೆ ತಡಮಾಡಬಾರದು. ಎಕ್ಸ್‌ರೇಯಲ್ಲಿ ಕ್ಷಯವೂ ಗಡ್ಡೆಯೂ ಒಂದೇ ಬಗೆಯ ನೆರಳಾಗಿ ಕಾಣಬಹುದು. ಕ್ಷಯದ ಮಾತ್ರೆ ತೆಗೆದುಕೊಂಡರೂ ನೆರಳು ಕರಗದಿದ್ದರೆ ಸಿಟಿ ಸ್ಕ್ಯಾನ್, ಬಯಾಪ್ಸಿ ಬೇಕೇ ಎಂದು ಕೇಳಿ.

ಬೀಡಿ ಸೇದುತ್ತೀರಾ ಎಂದು ವೈದ್ಯರು ಕೇಳಿದಾಗ ಮನೆಯ ಹೆಂಗಸರು ಇಲ್ಲ ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಭಾರತದ ಅಧ್ಯಯನಗಳಲ್ಲಿ ಒಲೆಯ ಹೊಗೆಗೆ ಒಂದು ಅಳತೆ ಬಳಸುತ್ತಾರೆ: ದಿನಕ್ಕೆ ಒಲೆ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸುವುದು. ದಿನಕ್ಕೆ 4 ಗಂಟೆಯಂತೆ 30 ವರ್ಷ ಎಂದರೆ 120. ನಿಮ್ಮ ಅಮ್ಮನದೋ ಅತ್ತೆಯದೋ ಈ ಲೆಕ್ಕವನ್ನು ಮನೆಯಲ್ಲೇ ಮಾಡಿ, ಅಡಿಕೆ ಬೇಯಿಸಿದ ತಿಂಗಳುಗಳನ್ನೂ ಔಷಧ ಹೊಡೆದ ವರ್ಷಗಳನ್ನೂ ಸೇರಿಸಿ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಗಡ್ಡೆಯೆಂದೇ ಗೊತ್ತಾದರೆ, ಅದರಲ್ಲಿ ಇಜಿಎಫ್‌ಆರ್ ತಪ್ಪು ಇದೆಯೇ ಎಂಬ ಪರೀಕ್ಷೆಯನ್ನೂ ಕೇಳಿ. ಸೇದದವರ ಗಡ್ಡೆಯಲ್ಲಿ ಅದು ಸಿಗುವ ಸಾಧ್ಯತೆ ಹೆಚ್ಚು, ಸಿಕ್ಕಿದರೆ ಅದಕ್ಕೆಂದೇ ಗೆಫಿಟಿನಿಬ್, ಓಸಿಮರ್ಟಿನಿಬ್‌ನಂಥ ಮಾತ್ರೆಗಳಿವೆ.